ಹಾಡುಗಾರನಿಗೂ ವಯಸ್ಸಾಗುತ್ತದೆ

ಒಬ್ಬ ಹಾಡುಗಾರನನ್ನು ನಾವು ಮೂವತ್ತು ನಲವತ್ತು ವರ್ಷ ಪ್ರೀತಿಸಿರುತ್ತೇವೆ. ಅವನ ಹಾಡುಗಳ ಜೊತೆಜೊತೆಯಲ್ಲೇ ನಮ್ಮ ಕಾಲೇಜಿನ ದಿನಗಳು, ಮೊದಲ ಸಂಬಳ, ಮದುವೆ, ಮಕ್ಕಳ ನಾಮಕರಣ ಎಲ್ಲವೂ ನಡೆದುಹೋಗಿರುತ್ತವೆ. ಹೀಗಿರುವಾಗ ಅದೇ ಹಾಡುಗಾರ ತನ್ನ ಇಳಿವಯಸ್ಸಿನಲ್ಲಿ, ಯಾರೂ ಕೇಳದಿದ್ದರೂ, ದುಗುಡ ತುಂಬಿದ ಹಾಡುಗಳ ಒಂದು ಕಟ್ಟನ್ನು ತಂದು ನಮ್ಮ ಮುಂದಿಡುತ್ತಾನೆ. ಅದರಲ್ಲಿ ಹಳೆಯ ಉತ್ಸಾಹವಿಲ್ಲ, ಕುಣಿಸುವ ಲಯವಿಲ್ಲ. ಸಾವು, ಒಂಟಿತನ, ಕಳೆದುಹೋದವರ ನೆನಪು ಇವೇ ತುಂಬಿವೆ. ಆಗ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ‘ಇವನು ನಮ್ಮವನಲ್ಲ’ ಎಂದು ಒಂದು ಪಂಗಡ. ‘ಇವನು ಈಗಲೇ ನಿಜವಾಗಿ ಹಾಡುತ್ತಿರುವುದು’ ಎಂದು ಇನ್ನೊಂದು. ಈ ಜಗಳದಲ್ಲಿ ನಾನು ಯಾರ ಪಕ್ಷ ಎಂಬುದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ನಾನು ಹಾಡುಗಾರನ ಪಕ್ಷ. ಆದರೆ ಎದುರು ಪಕ್ಷದವರ ಮಾತಿನಲ್ಲಿಯೂ ಹುರುಳಿದೆ. ಅದನ್ನು ತಳ್ಳಿಹಾಕದೆ ವಿಚಾರ ಮಾಡಬೇಕೆಂಬುದೇ ಈ ಬರಹದ ಉದ್ದೇಶ.

ಕನ್ನಡದ ಮೇಷ್ಟ್ರಿಗೆ ರಾಕ್ ಸಂಗೀತದ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಹುಡುಗರಿಗೆ ಪಾಠ ಹೇಳಿದವನು ಆ ಗೊಡವೆಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿಸಿಕೊಂಡ ಹಾಡುಗಳನ್ನು ಕೇಳುತ್ತ, ಹಳಗನ್ನಡದ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಇಂಗ್ಲಿಷ್ ತಂಡಗಳ ಹೆಸರನ್ನು ಚಿತ್ತಾರವಾಗಿ ಬರೆಯುತ್ತಿದ್ದ ಹುಡುಗರು ನನ್ನ ತರಗತಿಯಲ್ಲಿಯೇ ಕುಳಿತಿದ್ದರು. ಅವರಿಗೀಗ ಐವತ್ತು ದಾಟಿದೆ. ಅವರೇ ಆಗಾಗ ಮನೆಗೆ ಬಂದು, ಕಾಫಿ ಕುಡಿಯುತ್ತ, ‘ಮೇಷ್ಟ್ರೇ, ನೀವೇ ನ್ಯಾಯ ಹೇಳಿ’ ಎಂದು ತಮ್ಮ ಜಗಳವನ್ನು ನನ್ನ ಮುಂದೆ ತಂದಿಡುತ್ತಾರೆ.

ಅವರ ಜಗಳ ರೋಜರ್ ವಾಟರ್ಸ್ ಎಂಬ ಹಿರಿಯನ ಕುರಿತದ್ದು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ತಂಡ 1973ರಲ್ಲಿ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಂಬ ಆಲ್ಬಂ ಹೊರತಂದಿತು. ಕಾಲ, ಹಣ, ಹುಚ್ಚು, ಸಾವು ಇವೇ ಅದರ ವಸ್ತುಗಳು. ಆ ಹಾಡುಗಳ ಸಾಹಿತ್ಯ ಬರೆದ ವಾಟರ್ಸ್ ಹುಟ್ಟಿದ್ದು 1943ರಲ್ಲಿ. ಎಂದರೆ ಬರೆಯುವಾಗ ಆತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅರ್ಧ ಶತಮಾನದ ಬಳಿಕ, 2023ರ ಅಕ್ಟೋಬರಿನಲ್ಲಿ, ಎಂಬತ್ತು ತುಂಬಿದ ಆತ ಅದೇ ಹಾಡುಗಳನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡಿದ. ಹಳೆಯದರಲ್ಲಿ ಮುಗಿಲಿಗೇರುತ್ತಿದ್ದ ಡೇವಿಡ್ ಗಿಲ್ಮರನ ಗಿಟಾರ್ ಇದರಲ್ಲಿಲ್ಲ. ಲಯ ನಿಧಾನವಾಗಿದೆ. ದನಿ ಮಂದ್ರಕ್ಕಿಳಿದು, ಹಾಡುವುದಕ್ಕಿಂತ ಮಾತಾಡಿದಂತಿದೆ. ಮೊದಲು ಕೇವಲ ವಾದ್ಯಗಳಿದ್ದ ಕಡೆಗಳಲ್ಲಿ ಮುದುಕನೊಬ್ಬ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವ ಮಾತುಗಳು ಬಂದಿವೆ.

ನನ್ನ ಶಿಷ್ಯರಲ್ಲಿ ಒಬ್ಬ ಅದನ್ನು ಕೇಳಿ ಸಿಟ್ಟಾದ. 2002ರಲ್ಲಿ ವಾಟರ್ಸ್ ನಮ್ಮ ಅರಮನೆ ಮೈದಾನಕ್ಕೆ ಬಂದು ಹಾಡಿದಾಗ ಈತ ಜನಸಂದಣಿಯಲ್ಲಿ ನಿಂತು ಕೇಳಿದವನು. ‘ಕಟ್ಟಿದ ಮನೆಯನ್ನು ಕಟ್ಟಿದವನೇ ಕೆಡವಿದ ಹಾಗಾಯಿತು’ ಎಂಬುದು ಅವನ ದೂರು. ಇನ್ನೊಬ್ಬನ ವಾದ ಬೇರೆ. ಮೂವತ್ತು ತುಂಬದ ಹುಡುಗ ಸಾವಿನ ಬಗ್ಗೆ ಬರೆದರೆ ಅದು ಊಹೆ. ಅದೇ ಮಾತನ್ನು ಎಂಬತ್ತರವನು ನಡುಗುವ ದನಿಯಲ್ಲಿ ಹೇಳಿದರೆ ಅದು ಸಾಕ್ಷಿ. ಮಾತು ಬದಲಾಗಿಲ್ಲ, ಹೇಳುವ ಬಾಯಿ ಬದಲಾಗಿದೆ ಎಂದು ಅವನು ಹೇಳಿದ. ಈ ಎರಡನೆಯವನು ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಬಹಳ ಕಡಿಮೆ ಅಂಕ ತೆಗೆದವನು. ಆದರೆ ಕಾವ್ಯಮೀಮಾಂಸೆಯ ತಿರುಳನ್ನು ಅವನಷ್ಟು ಸರಳವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇಂಥ ಉದಾಹರಣೆಗಳು ಆ ನಾಡುಗಳಲ್ಲಿ ಇನ್ನೂ ಇವೆ. ಡೇವಿಡ್ ಬೋವಿ ತನ್ನ ‘ಬ್ಲ್ಯಾಕ್‌ಸ್ಟಾರ್’ ಆಲ್ಬಮನ್ನು 2016ರ ಜನವರಿ 8ರಂದು, ತನ್ನ ಅರವತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ಹೊರತಂದ. ಅದು ವಿಚಿತ್ರ, ಮಬ್ಬು, ಅರ್ಥವಾಗದ್ದು ಎಂದು ತಲೆ ಕೆರೆದುಕೊಂಡವರಿದ್ದರು. ಜನವರಿ 10ರಂದು ಬೋವಿ ತೀರಿಕೊಂಡ. ಆತನಿಗೆ ಕ್ಯಾನ್ಸರ್ ಇದ್ದ ಸಂಗತಿ ಲೋಕಕ್ಕೆ ತಿಳಿದದ್ದು ಆಮೇಲೆ. ಎರಡು ದಿನಗಳ ಹಿಂದೆ ಒಗಟಾಗಿದ್ದ ಹಾಡುಗಳು ಒಂದೇ ರಾತ್ರಿಯಲ್ಲಿ ಬೀಳ್ಕೊಡುಗೆಯ ಪತ್ರಗಳಾದವು. ಅದೇ ವರ್ಷ ಅಕ್ಟೋಬರ್ 21ರಂದು ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೊಹೆನ್ ತನ್ನ ಕೊನೆಯ ಆಲ್ಬಂ ತಂದ. ಕಾಯಿಲೆಯಿಂದ ಕುಗ್ಗಿದ್ದ ಆತ ಮನೆಯಲ್ಲಿಯೇ ಕುರ್ಚಿಯಲ್ಲಿ ಕುಳಿತು ಹಾಡಿದ. ಮಗ ಆಡಮ್ ನಿಂತು ಅದನ್ನು ಮಾಡಿಸಿದ. ಹದಿನೇಳು ದಿನಗಳಲ್ಲಿ ಕೊಹೆನ್ ಇಲ್ಲವಾದ. ಆಗ ಆತನಿಗೆ ಎಂಬತ್ತೆರಡು.

ಇಲ್ಲೊಂದು ಮಾತು ಗಮನಿಸಬೇಕು. ಬೋವಿಯ ಹಾಡುಗಳಲ್ಲಿ ಜನವರಿ 8ರಂದು ಏನಿತ್ತೋ ಜನವರಿ 11ರಂದೂ ಅದೇ ಇತ್ತು. ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುಗರ ಕಿವಿ. ಹಾಗಿದ್ದರೆ, ಹಾಡುಗಾರ ಸಾಯುವವರೆಗೂ ಕಾಯದೆ, ಅವನು ಬದುಕಿರುವಾಗಲೇ ಆ ಕಿವಿಯನ್ನು ಅವನಿಗೆ ಕೊಡಲು ನಮಗೆ ಏನಡ್ಡಿ?

ಇದೆಲ್ಲ ಪರದೇಶದವರ ಕತೆ ಎಂದು ತಳ್ಳಿಬಿಡಬೇಡಿ. ಈ ಜಗಳ ನಮ್ಮಲ್ಲಿ ಬಹಳ ಹಿಂದೆಯೇ, ಇದಕ್ಕಿಂತ ತೀವ್ರವಾಗಿಯೇ ನಡೆದಿದೆ. ಕುಮಾರ ಗಂಧರ್ವರು ಹುಟ್ಟು ಕನ್ನಡಿಗರು ಎಂಬುದು ಹಲವರಿಗೆ ಮರೆತುಹೋಗಿದೆ. 1924ರ ಏಪ್ರಿಲ್ 8ರಂದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಅವರ ಜನನ. ಹೆತ್ತವರು ಇಟ್ಟ ಹೆಸರು ಶಿವಪುತ್ರ. ಇನ್ನೂ ಹಾಲುಗಲ್ಲದ ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ, ಅವರ ಒಂದೊಂದು ತಿರುವೂ ತಪ್ಪದಂತೆ ಹಾಡುತ್ತಿದ್ದ ಅದ್ಭುತ ಪ್ರತಿಭೆ. ಆ ಬೆರಗಿನಿಂದಲೇ ‘ಕುಮಾರ ಗಂಧರ್ವ’ ಎಂಬ ಬಿರುದು ಹೆಸರಾಗಿ ನಿಂತಿತು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. ಇಪ್ಪತ್ತು ದಾಟುವಷ್ಟರಲ್ಲಿ ನಾಡಿಗೆಲ್ಲ ಗೊತ್ತಿರುವ ಗಾಯಕ.

ಆಗ ಬಂದದ್ದು ಕ್ಷಯರೋಗ. ಒಣಹವೆಯ ಊರೆಂದು ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಐದಾರು ವರ್ಷ ಆ ಕಂಠ ಮೌನವಾಗಿತ್ತು. ಹಾಸಿಗೆಯಲ್ಲಿ ಮಲಗಿದ ಗಂಧರ್ವನ ಕಿವಿಗೆ ಬೀಳುತ್ತಿದ್ದುದು ಮಾಳವದ ಹಳ್ಳಿಯ ಹೆಂಗಸರ ಹಾಡು, ಅಲೆಮಾರಿ ಜೋಗಿಗಳ ನಿರ್ಗುಣ ಭಜನೆ. 1950ರ ದಶಕದ ಮೊದಲ ಭಾಗದಲ್ಲಿ ಅವರು ಮತ್ತೆ ವೇದಿಕೆಗೆ ಬಂದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಷ್ಟು ಹಾಳಾಗಿತ್ತು. ಉದ್ದುದ್ದ ಆಲಾಪಕ್ಕೆ ಉಸಿರು ಸಾಲದು. ಹಾಗಾಗಿ ಸಣ್ಣ ಸಣ್ಣ ತುಣುಕುಗಳು, ಥಟ್ಟನೆ ಏರಿ ಥಟ್ಟನೆ ನಿಲ್ಲುವ ಸ್ವರ, ಆ ಸ್ವರಗಳ ನಡುವೆ ಮೌನ. ಜೊತೆಗೆ ಕಬೀರನ ಶೂನ್ಯದ ಪದಗಳು.

ಹಳೆಯ ರಸಿಕರಲ್ಲಿ ಎಷ್ಟೋ ಮಂದಿ ಮುನಿದರು. ಘರಾಣೆಯ ಕಟ್ಟುನಿಟ್ಟು ಎಲ್ಲಿ, ವಿಲಂಬಿತದ ವಿಸ್ತಾರ ಎಲ್ಲಿ, ಇದು ಪರಂಪರೆಗೆ ಬಗೆದ ದ್ರೋಹ ಎಂದರು. ಅವರಿಗೆ ಬೇಕಾಗಿದ್ದವನು ತಟ್ಟೆಗಳನ್ನು ಅನುಕರಿಸುತ್ತಿದ್ದ ಆ ಬಾಲಕ. ಆದರೆ ಅವನು ದೇವಾಸದ ಹಾಸಿಗೆಯ ಮೇಲೆಯೇ ತೀರಿಕೊಂಡಿದ್ದ. ಎದ್ದು ಬಂದವನು ಬೇರೊಬ್ಬ. ಆ ಬೇರೊಬ್ಬನೇ ಭಾರತೀಯ ಸಂಗೀತಕ್ಕೆ ಹೊಸ ದಾರಿ ತೋರಿದ. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲಿಯೇ ಅವರು ಕಣ್ಮುಚ್ಚಿದರು. ಇಂದು ಅವರ ನಿರ್ಗುಣ ಭಜನೆಗಳನ್ನು ಕೇಳದ ಸಂಗೀತಪ್ರೇಮಿ ಇಲ್ಲ. ಅನುಕರಣೆಯ ಬಾಲಕನನ್ನು ನೆನೆಯುವವರು ಎಷ್ಟು ಮಂದಿ?

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕತೆಯೂ ಇದಕ್ಕೆ ಹತ್ತಿರದ್ದು. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ತಟ್ಟೆಗಳಲ್ಲಿ ತೆಳುವಾದ, ಸಿಹಿಯಾದ ಹೆಣ್ಣುದನಿಯಿದೆ. ಗಂಟಲಿನ ಚಿಕಿತ್ಸೆಯ ಬಳಿಕ ಆ ದನಿ ಹೋಗಿ, ಗಂಡಸಿನದೇ ಎನ್ನಬಹುದಾದ ಗಡಸು ದನಿ ಬಂತು. ಬೇರೆಯವರಾಗಿದ್ದರೆ ತಂಬೂರಿಯನ್ನು ಗೋಡೆಗೆ ನೇತುಹಾಕುತ್ತಿದ್ದರು. ಅವರು ಆ ದನಿಯಲ್ಲಿಯೇ ಗಾಂಭೀರ್ಯದ ಒಂದು ಲೋಕವನ್ನು ಕಟ್ಟಿದರು.

ಇನ್ನು ಕಾವ್ಯಕ್ಕೆ ಬರೋಣ, ಏಕೆಂದರೆ ಅಲ್ಲಿ ನಾವೆಲ್ಲ ಹೊಣೆಗಾರರು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಹೊಸ ದಾಂಪತ್ಯದ ನಲಿವನ್ನು ಕನ್ನಡದಲ್ಲಿ ಅಷ್ಟು ಹಿತವಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ. ಅದು ಮದುವೆಗಳಲ್ಲಿ ಉಡುಗೊರೆಯಾಯಿತು, ಮರುಮುದ್ರಣವಾಗುತ್ತಲೇ ಹೋಯಿತು, ಕ್ಯಾಸೆಟ್ಟಾಯಿತು, 1992ರಲ್ಲಿ ನಾಗಾಭರಣರ ಕೈಯಲ್ಲಿ ಚಲನಚಿತ್ರವೂ ಆಯಿತು. ಆದರೆ ಕವಿ ಅಲ್ಲಿಯೇ ನಿಂತಿರಲಿಲ್ಲ. 1958ರ ‘ಶಿಲಾಲತೆ’ಯ ಹೊತ್ತಿಗೆ ಅವರ ಕಾವ್ಯಕ್ಕೆ ನಗರದ ದಣಿವು, ಮಧ್ಯಮ ವರ್ಗದ ಬದುಕಿನ ಬಿರುಕು, ಒಳಗಿನ ಒಂಟಿತನ ಬಂದು ಸೇರಿದ್ದವು. 1976ರ ‘ತೆರೆದ ಬಾಗಿಲು’ ಇನ್ನೂ ಗಂಭೀರ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ವಿಮರ್ಶಕರು ಮೆಚ್ಚಿದರು. ಆದರೆ ಓದುಗರೆಂಬ ನಾವು? ಮಲ್ಲಿಗೆಯ ಕವಿ ಎಂಬ ಬಿರುದನ್ನು ಅವರ ಹಣೆಗೆ ಅಂಟಿಸಿ, 2003ರಲ್ಲಿ ಅವರು ತೀರಿಕೊಳ್ಳುವವರೆಗೂ ಅದನ್ನು ಕೀಳಲಿಲ್ಲ. ನಮ್ಮ ಬಡಾವಣೆಗಳ ರಾಜ್ಯೋತ್ಸವದ ವೇದಿಕೆಗಳಲ್ಲಿ ‘ಶಿಲಾಲತೆ’ಯ ಒಂದು ಕವಿತೆಯನ್ನು ಹಾಡಿದ್ದು ನಾನು ಕೇಳಿಲ್ಲ. ಎಂಬತ್ತು ದಾಟಿದ ಕವಿಯನ್ನು ವೇದಿಕೆಯ ಮೇಲೆ ಕೂರಿಸಿ, ಅವರ ಇಪ್ಪತ್ತೇಳನೆಯ ವಯಸ್ಸಿನ ಸಂತೋಷವನ್ನೇ ಅವರ ಮುಂದೆ ಹಾಡುತ್ತಿದ್ದೆವು. ಇದು ಪ್ರೀತಿಯೇ ಹೌದು. ಆದರೆ ಈ ಪ್ರೀತಿ ಮನುಷ್ಯನನ್ನು ಕಾಣುತ್ತಿರಲಿಲ್ಲ, ಅವನ ಹಳೆಯ ಭಾವಚಿತ್ರವನ್ನು ಕಾಣುತ್ತಿತ್ತು.

ಇಂಥ ಸಂದರ್ಭಗಳಲ್ಲಿ ನನಗೆ ನೆನಪಾಗುವುದು ಪಂಪ. 941ರಲ್ಲಿ ಬರೆದ ‘ಆದಿಪುರಾಣ’ದ ನೀಲಾಂಜನೆಯ ನೃತ್ಯದ ಪ್ರಸಂಗವನ್ನು ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿ ಕೇಳಿದ್ದೀರಿ. ಆದಿದೇವನ ಸಭೆಯಲ್ಲಿ ದೇವಲೋಕದ ನರ್ತಕಿ ನೀಲಾಂಜನೆ ಕುಣಿಯುತ್ತಿದ್ದಾಳೆ. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ತೀರಿ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ದೇವೇಂದ್ರ ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಹೆಜ್ಜೆ. ತುಂಬಿದ ಸಭೆಗೆ ಏನೂ ತಿಳಿಯುವುದಿಲ್ಲ; ಅದು ತಲೆದೂಗುತ್ತಲೇ ಇರುತ್ತದೆ. ಆದಿದೇವನೊಬ್ಬನಿಗೆ ಮಾತ್ರ ಅಲ್ಲಿ ಒಂದು ಸಾವು ನಡೆದದ್ದು ಕಾಣುತ್ತದೆ. ಕಂಡದ್ದರಿಂದಲೇ ಅವನಿಗೆ ವೈರಾಗ್ಯ ಬರುತ್ತದೆ.

ಹಳೆಯ ಹಾಡನ್ನು ಹಳೆಯಂತೆಯೇ ಹಾಡು ಎಂದು ಹಿರಿಯ ಕಲಾವಿದನನ್ನು ಒತ್ತಾಯಿಸುವ ಅಭಿಮಾನಿ ಕೇಳುತ್ತಿರುವುದು ಆ ಎರಡನೆಯ ನೀಲಾಂಜನೆಯನ್ನು. ಕಲಾವಿದ ಒಪ್ಪಿದರೆ ಸಭೆಯೇನೋ ಸಂತೋಷವಾಗಿರುತ್ತದೆ. ಆದರೆ ಅಲ್ಲಿ ಕುಣಿಯುತ್ತಿರುವುದು ನಕಲು. ಗಣೇಶನ ಪೆಂಡಾಲುಗಳಲ್ಲಿ ಅರವತ್ತು ದಾಟಿದ ಗಾಯಕರಿಗೆ ಕೆಳಗಿನಿಂದ ಚೀಟಿಯ ಮೇಲೆ ಚೀಟಿ ಬರುವುದನ್ನು ನೋಡಿದ್ದೇನೆ. ಅಷ್ಟೂ ಚೀಟಿಗಳಲ್ಲಿ ಮೂವತ್ತು ವರ್ಷ ಹಿಂದಿನ ಅವವೇ ಐದಾರು ಹಾಡುಗಳು. ಅವರು ನಗುತ್ತಲೇ ಹಾಡುತ್ತಾರೆ. ಹೊಸದಾಗಿ ರಾಗ ಹಾಕಿದ ಒಂದು ಹಾಡು ಅವರ ಜೇಬಿನಲ್ಲಿಯೇ ಮಡಿಸಿದ ಹಾಳೆಯಾಗಿ ಉಳಿದು ಮನೆಗೆ ಹಿಂತಿರುಗುತ್ತದೆ.

ಈಗ ಎದುರು ಪಕ್ಷದ ಮಾತಿಗೆ ಬರುತ್ತೇನೆ. ಅವರು ಹೇಳುವ ಮೊದಲ ಮಾತು: ಕೇಳುಗನಿಗೂ ಒಂದು ಬದುಕಿದೆ. ಪೀಣ್ಯದ ಕಾರ್ಖಾನೆಯಲ್ಲಿ ಎರಡನೆಯ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದವನು ಹಾಡು ಹಚ್ಚುವುದು ಮನಸ್ಸು ಹಗುರವಾಗಲೆಂದು. ಅವನ ದುಃಖದ ಕೊಡ ಆಗಲೇ ತುಂಬಿದೆ. ಅದಕ್ಕೆ ಇನ್ನೊಬ್ಬರ ದುಃಖವನ್ನೂ ಏಕೆ ಸುರಿಯಬೇಕು? ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಿಹಿ ಹಾಡು ಕೀಳು ಹಾಡಲ್ಲ. ‘ಮೈಸೂರು ಮಲ್ಲಿಗೆ’ ಎಷ್ಟೋ ಮನೆಗಳಲ್ಲಿ ಮುನಿಸಿಕೊಂಡ ಗಂಡಹೆಂಡಿರನ್ನು ಮಾತಾಡಿಸಿದೆ. ಅದು ಸಣ್ಣ ಕೆಲಸವಲ್ಲ.

ಎರಡನೆಯ ಮಾತು: ಕತ್ತಲೆಂದ ಮಾತ್ರಕ್ಕೆ ಆಳವಲ್ಲ. ಇದೂ ನಿಜ. ಮುಖ ಸಿಂಡರಿಸಿಕೊಂಡರೆ ತತ್ತ್ವಜ್ಞಾನಿಯಾಗುವುದಿಲ್ಲ, ಕಪ್ಪಂಗಿ ತೊಟ್ಟರೆ ವಿರಾಗಿಯಾಗುವುದಿಲ್ಲ. ವಿಷಾದವೂ ಮಾರುಕಟ್ಟೆಯ ಸರಕೇ. ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ಮೇಷ್ಟ್ರ ಕೆಲಸ ಮಾಡಿದವನಾದ್ದರಿಂದ ಎರಡು ಪರೀಕ್ಷೆ ಕೊಡುತ್ತೇನೆ. ಆ ಕತ್ತಲಿನ ಹಾಡಿನಲ್ಲಿ ಕಲಾವಿದನ ಹಿಂದಿನ ಸಾಧನೆಯ ಶಿಸ್ತು ಉಳಿದಿದೆಯೇ ಎಂಬುದು ಒಂದು. ಕುಮಾರ ಗಂಧರ್ವರ ತುಂಡು ಸ್ವರಗಳ ಹಿಂದೆ ಬಾಲ್ಯದ ಸಾಧನೆಯ ಖಚಿತತೆ ಇದ್ದೇ ಇತ್ತು. ಉಸಿರು ಕಡಿಮೆಯಾಗಿತ್ತು, ಶ್ರುತಿ ಕಡಿಮೆಯಾಗಿರಲಿಲ್ಲ. ಆ ಹಾಡು ಕೇಳುಗನ ಬಗ್ಗೆ ಕರುಣೆಯಿಂದಿದೆಯೇ, ಇಲ್ಲವೇ ಅವನನ್ನು ಹೆದರಿಸಲು ಹೊರಟಿದೆಯೇ ಎಂಬುದು ಇನ್ನೊಂದು. ಕರುಣವೇ ಮೂಲರಸ, ಮಿಕ್ಕವು ಅದರ ರೂಪಾಂತರಗಳು ಎಂದು ಭವಭೂತಿ ಸಾರಿದ್ದು ಸುಮ್ಮನಲ್ಲ. ಕರುಣೆಯಿಲ್ಲದ ಕತ್ತಲು ಬರಿಯ ಕತ್ತಲು.

ಈ ಎರಡನೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ಪಡೆಯುವವರು ಶಿಶುನಾಳದ ಶರೀಫ ಸಾಹೇಬರು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಿಂದ 1889ರವರೆಗೆ ಬಾಳಿದ ಈ ಸಂತ ಹಾಡಿದ್ದೆಲ್ಲ ಏನನ್ನು? ಮಳೆಗಾಲದಲ್ಲಿ ಒಸರುವ ಮುರುಕು ಮನೆಯಂತಿರುವ ಈ ದೇಹವನ್ನು, ಕಾಲು ಜಾರಬಹುದಾದ ಮುಪ್ಪನ್ನು, ಬಿಟ್ಟುಹೋಗಬೇಕಾದ ತವರನ್ನು. ಸಾವಿಲ್ಲದ ಪದ ಅವರಲ್ಲಿ ವಿರಳ. ಆದರೂ ಅವನ್ನು ಕೇಳಿ ಯಾರೂ ಎದೆಗುಂದಲಿಲ್ಲ. ಅವರು ಸಾವನ್ನು ನಗುತ್ತ, ಬೈಯುತ್ತ, ಬೀದಿಯ ಮಾತಿನಲ್ಲಿ, ನೆರೆಮನೆಯವಳನ್ನು ಕರೆದಂತೆ ಕರೆದರು. ಮತ್ತು ಆ ಪದಗಳನ್ನು ಜನ ಒಬ್ಬೊಬ್ಬರೇ ಕೇಳಲಿಲ್ಲ. ಏಕತಾರಿ, ದಮ್ಮಡಿ, ತಾಳಗಳೊಡನೆ ಗುಡಿಯ ಕಟ್ಟೆಯ ಮೇಲೆ ಹತ್ತು ಜನ ಸೇರಿ ರಾತ್ರಿಯಿಡೀ ಹಾಡಿದರು. ದುಃಖವನ್ನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಬ್ಬನೇ ಕೇಳಿದರೆ ಅದು ಭಾರ. ಹತ್ತು ಜನ ಕೂಡಿ ಹೊತ್ತರೆ ಪಲ್ಲಕ್ಕಿ.

ಆ ಪದಗಳನ್ನು ನಗರದ ನಮ್ಮ ಮನೆಗಳಿಗೆ ತಂದವರಲ್ಲಿ ಸಿ. ಅಶ್ವತ್ಥ್ ಪ್ರಮುಖರು. ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತವನ್ನು ಬೆಳೆಸಿಕೊಂಡವರು. ಮಲ್ಲಿಗೆಯ ಹಾಡುಗಳಿಗೆ ರಾಗ ಹಾಕಿದ ಕೈಯೇ ಶರೀಫರಿಗೂ ರಾಗ ಹಾಕಿತು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಬಳಿಕವಂತೂ ಆ ಪದಗಳು ಆಟೋ ಚಾಲಕರ ಬಾಯಲ್ಲಿಯೂ ನಲಿದವು. ಅಶ್ವತ್ಥರ ತಾರಸ್ಥಾಯಿಯ ಕೂಗನ್ನು ಕುರಿತು ನಮ್ಮ ಕೇಳುಗರಲ್ಲಿ ಆಗಲೂ ಜಗಳವಿತ್ತು. ‘ಇದು ಭಾವಗೀತೆಯಲ್ಲ, ಅಬ್ಬರ’ ಎಂದು ಮೃದು ಗಾಯನಕ್ಕೆ ಒಗ್ಗಿದ ಹಿರಿಯರು ಕಿವಿ ಮುಚ್ಚಿಕೊಂಡರು. ಅಬ್ಬರ ಕೆಲವೊಮ್ಮೆ ಕವಿತೆಯ ಮಾತನ್ನು ನುಂಗಿದ್ದು ನಿಜವೇ. ಆದರೆ ಶರೀಫರ ಪದಕ್ಕೆ ಆ ಕೂಗು ಬೇಕಿತ್ತು ಎಂದು ನನ್ನ ಎಣಿಕೆ. ಮುರುಕು ಮನೆಯ ಯಜಮಾನ ಸಣ್ಣ ದನಿಯಲ್ಲಿ ಏಕೆ ದೂರಬೇಕು?

ರೋಜರ್ ವಾಟರ್ಸ್ ಹಾಡಿದ ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಅಶ್ವತ್ಥರು ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದರು. ಬರಿಯ ಕನ್ನಡ ಕವಿತೆ ಕೇಳಲು ಜನಸಾಗರವೇ ಬಂದಿತ್ತು. ರಾಕ್ ಸಂಗೀತಕ್ಕಲ್ಲದೆ ಆ ಮೈದಾನ ತುಂಬದು ಎಂದುಕೊಂಡಿದ್ದವರು ಬೆರಗಾದರು. ಅಶ್ವತ್ಥರು 1939ರ ಡಿಸೆಂಬರ್ 29ರಂದು ಹುಟ್ಟಿ, 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ತೀರಿಕೊಂಡರು. ಶರೀಫರದೂ ಎಪ್ಪತ್ತೇ ವರ್ಷದ ಬಾಳು. ನಮ್ಮ ಕೆಂಗೇರಿಯ ದಿಕ್ಕಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಅಶ್ವತ್ಥರ ಅಂತ್ಯಕ್ರಿಯೆ ನಡೆಯಿತು. ಅವರ ಹಿಂದೆಯೇ ಬಂದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮಿನಲ್ಲಿ ಶರೀಫರನ್ನು ಗಿಟಾರಿನ ಜೊತೆ ಹಾಡಿದಾಗ ಮತ್ತೆ ಅದೇ ತಕರಾರು ಎದ್ದಿತು. ಈ ಬಾರಿ ಕಿವಿ ಮುಚ್ಚಿಕೊಂಡವರಲ್ಲಿ ಹಿಂದೆ ಅಶ್ವತ್ಥರ ಪರವಾಗಿ ವಾದಿಸಿದವರೂ ಇದ್ದರು! ಪ್ರತಿ ತಲೆಮಾರೂ ತನ್ನ ಕಾಲದ ದಂಗೆಯನ್ನು ಮುಂದಿನವರಿಗೆ ಸಂಪ್ರದಾಯವನ್ನಾಗಿ ಮಾಡಿ ಒಪ್ಪಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ಸಂಗೀತದ ಸಲುವಾಗಿ ಮಾತ್ರವಲ್ಲ. ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು ಇನ್ನು ಬರಬೇಕಿದೆ.

ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ನನ್ನ ವಯಸ್ಸಿನ ಐದಾರು ಮಂದಿ ಸೇರುತ್ತೇವೆ. ಹೆಚ್ಚಿನವರ ಮಕ್ಕಳು ದೂರದಲ್ಲಿದ್ದಾರೆ. ಕೆಲವರು ವೈಟ್‌ಫೀಲ್ಡಿನಲ್ಲಿ, ಕೆಲವರು ಕ್ಯಾಲಿಫೋರ್ನಿಯಾದಲ್ಲಿ. ನಮಗೆ ಈ ದಿನಗಳಲ್ಲಿ ಈ ಎರಡು ಊರುಗಳ ದೂರದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮಕ್ಕಳು ಒಳ್ಳೆಯವರು, ತಪ್ಪದೆ ಫೋನು ಮಾಡುತ್ತಾರೆ. ಆದರೆ ಹಿರಿಯರು ಕೊಂಚ ದನಿ ತಗ್ಗಿಸಿ, ‘ಇತ್ತೀಚೆಗೆ ರಾತ್ರಿ ನಿದ್ದೆ ಬರುವುದಿಲ್ಲ ಕಣಪ್ಪ, ನಿಮ್ಮಮ್ಮನೇ ನೆನಪಾಗುತ್ತಾಳೆ’ ಎಂದು ಆರಂಭಿಸಿದರೆ ಸಾಕು, ಆ ಕಡೆಯಿಂದ ‘ಅಪ್ಪಾ, ಅದೆಲ್ಲ ಯೋಚನೆ ಮಾಡಬೇಡಿ, ಪಾಸಿಟಿವ್ ಆಗಿರಿ’ ಎಂಬ ಉತ್ತರ ಬರುತ್ತದೆ. ಅಜ್ಜಿ ತನ್ನ ಒಡವೆ ಯಾರಿಗೆ ಎಂದು ಹೇಳಲು ಹೊರಟರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಹಿಂದಿನ ಹಾಗೆ ತಮಾಷೆ ಮಾಡಲಿ, ಹಿಂದಿನ ಹಾಗೆ ಪುಳಿಯೋಗರೆ ಕಲಸಲಿ, ಹಿಂದಿನ ಹಾಗೆ ಗದರಲಿ ಎಂದು ಬಯಸುತ್ತಾರೆ.

ಇದು ಪ್ರೀತಿಯಿಲ್ಲದ್ದರಿಂದ ಆಗುವುದಲ್ಲ, ಭಯದಿಂದ ಆಗುವುದು. ಹಳೆಯ ಹಾಡನ್ನೇ ಹಾಡು ಎಂದು ಚೀಟಿ ಕಳಿಸುವ ಅಭಿಮಾನಿಗೂ ಇದೇ ಭಯ. ಹಾಡುಗಾರ ಮುದುಕನಾದನೆಂದು ಒಪ್ಪಿದರೆ ತನ್ನ ಯೌವನವೂ ಮುಗಿಯಿತೆಂದು ಒಪ್ಪಿದ ಹಾಗೆ. ಅಪ್ಪ ಸಾವಿನ ಮಾತಾಡುವುದನ್ನು ಕೇಳಿಸಿಕೊಂಡರೆ ಅಪ್ಪ ಹೋಗುವವನೆಂದು ಒಪ್ಪಿದ ಹಾಗೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆ ಏನೆಂಬುದನ್ನೂ ನೀವು ತಿಳಿದಿರಬೇಕು. ಕೇಳುವವರಿಲ್ಲದಿದ್ದರೆ ಹಿರಿಯರು ಎರಡನೆಯ ನೀಲಾಂಜನೆಯರಾಗುತ್ತಾರೆ. ಫೋನು ಬಂದಾಗ ಎದ್ದು ಕುಳಿತು, ಕೂದಲು ಸರಿಮಾಡಿಕೊಂಡು, ‘ನಾವು ಚೆನ್ನಾಗಿದ್ದೇವೆ’ ಎಂದು ಹಳೆಯ ದನಿಯಲ್ಲಿ ಹೇಳುತ್ತಾರೆ. ಫೋನು ಇಟ್ಟ ಮೇಲೆ ನಿಜವಾದ ಹಾಡನ್ನು ಗೋಡೆಯ ಮುಂದೆ ಹಾಡುತ್ತಾರೆ. ನಮ್ಮ ಕಲ್ಲುಬೆಂಚಿನ ಮೇಲೆ ನಾನು ಕೇಳುವ ಎಷ್ಟೋ ಮಾತುಗಳು ಅವರ ಮಕ್ಕಳ ಕಿವಿಗೆ ಒಮ್ಮೆಯೂ ಬಿದ್ದಿಲ್ಲ. ಅವು ದುಃಖದ ಮಾತುಗಳಷ್ಟೇ ಅಲ್ಲ. ಬದುಕನ್ನು ಕೊನೆಯ ಮೆಟ್ಟಿಲಿನಿಂದ ಹಿಂತಿರುಗಿ ನೋಡಿದವನಿಗೆ ಮಾತ್ರ ಕಾಣುವ ಸಂಗತಿಗಳು ಅವುಗಳಲ್ಲಿವೆ. ಯಾರನ್ನು ಕ್ಷಮಿಸಿದೆ, ಯಾವುದು ನಿಜವಾಗಿ ಮುಖ್ಯವಾಗಿತ್ತು, ಯಾವುದು ಬರಿಯ ಸದ್ದಾಗಿತ್ತು ಎಂಬವು. ಇಪ್ಪತ್ತೇಳರ ಮಲ್ಲಿಗೆಯಲ್ಲಿ ಇವು ಸಿಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಎರಡು. ಬರುವ ನವೆಂಬರಿನಲ್ಲಿ ನಿಮ್ಮ ನಿಮ್ಮ ಬಡಾವಣೆಯ ಕನ್ನಡ ಸಂಘದವರು ಯಾರಾದರೂ ಹಿರಿಯ ಗಾಯಕರನ್ನು ಕರೆಸಿದರೆ, ಒಂದೇ ಒಂದು ಚೀಟಿ ಕಳಿಸಿ. ಅದರಲ್ಲಿ ಹಾಡಿನ ಹೆಸರು ಬರೆಯಬೇಡಿ. ‘ನಿಮಗೆ ಈಗ ಯಾವುದನ್ನು ಹಾಡಬೇಕೆನಿಸುತ್ತದೆಯೋ ಅದು’ ಎಂದು ಬರೆಯಿರಿ. ಅವರು ಹಾಡುವುದು ನಿಮಗೆ ಹಿಡಿಸದೆ ಹೋಗಬಹುದು. ಹಿಡಿಸಲಿಲ್ಲವೆಂದು ಆಮೇಲೆ ಜಗಳವಾಡಿ, ಅದು ನಿಮ್ಮ ಹಕ್ಕು. ಕೇಳದೆ ಜಗಳವಾಡಬೇಡಿ, ಅಷ್ಟೇ.

ಎರಡನೆಯದು, ಈ ಭಾನುವಾರ ಮನೆಗೆ ಫೋನು ಮಾಡಿದಾಗ ನಿಮ್ಮ ತಂದೆಯೋ ತಾಯಿಯೋ ದನಿ ತಗ್ಗಿಸಿದರೆ, ಸಮಾಧಾನ ಹೇಳುವ ಆತುರ ಬೇಡ. ‘ಹೂಂ, ಆಮೇಲೆ?’ ಎನ್ನಿ. ಕತೆ ಕೇಳುವ ಮಗುವಾಗಿದ್ದಾಗ ನೀವು ಅವರಿಗೆ ಹೇಳುತ್ತಿದ್ದುದೂ ಈ ಎರಡೇ ಮಾತು. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಫೋನು ಇಡಬೇಡಿ.